ಅಪ್‌ಡೇಟ್: ಸ್ಟೈಲ್‌ಶೀಟ್‌ನ 23 ದೋಷಗಳು ಬಗೆಹರಿದ ಬಗೆ

ಇಳಕಲ್ ಸೀರೆ ಮಾರುವ ನಮ್ಮ ಸೋದರಮಾವನ ಬಾಗಲಕೋಟೆಯ ಅಂಗಡಿಗೆ ವೆಬ್‌ಸೈಟ್ ಇದೆ. ಅದರ ಹಳೆಯ ಸ್ಟೈಲ್‌ಶೀಟನ್ನು (ಪುಟದ ಬಣ್ಣ, ಅಳತೆ, ವಿನ್ಯಾಸ ಹೇಳುವ ಸಿಎಸ್‌ಎಸ್ ಕಡತ) ಡಬ್ಲ್ಯು3ಸಿ ವ್ಯಾಲಿಡೇಟರ್‌ಗೆ, ಅಂದರೆ ವೆಬ್ ಮಾನದಂಡ ರೂಪಿಸುವ ಸಂಸ್ಥೆಯ ತಪ್ಪು ಹುಡುಕುವ ಸಾಧನಕ್ಕೆ, ಕೊಟ್ಟರೆ 23 ದೋಷಗಳು ಬರುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೆ. ನೀವು ಊಹಿಸಿದ್ದೇ ಸರಿಯಾಯಿತು: ಹೆಚ್ಚಿನವು ಮೈಕ್ರೋಸಾಫ್ಟ್‌ನ ಹಳೆಯ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗಾಗಿ ಬರೆದ ಹ್ಯಾಕ್‌ಗಳೇ (ನಿಯಮಕ್ಕೆ ಹೊರತಾದ ಅಡ್ಡದಾರಿಗಳು) ಆಗಿದ್ದವು.

ಎತ್ತರ ಹೇಳುವ ‘ಹೈಟ್’ ಮುಂದೆ ಅಂಡರ್‌ಸ್ಕೋರ್ (_) ಇದ್ದರೆ ಆ ಸಾಲನ್ನು ಆ ಬ್ರೌಸರ್‌ನ 6ನೇ ಆವೃತ್ತಿ ಮತ್ತು ಅದಕ್ಕಿಂತ ಹಳೆಯವು ಮಾತ್ರ ಓದುತ್ತಿದ್ದವು; ‘ಜೂಮ್’ ಮುಂದೆ ನಕ್ಷತ್ರ ಚಿಹ್ನೆ ಇದ್ದರೆ 7ನೆಯದೂ ಓದುತ್ತಿತ್ತು. ಇಂದಿನ ಬ್ರೌಸರ್‌ಗಳು ಇಂತಹ ಸಾಲನ್ನು ಸುಮ್ಮನೆ ಬಿಟ್ಟುಬಿಡುತ್ತವೆ, ವ್ಯಾಲಿಡೇಟರ್ ಬಿಡುವುದಿಲ್ಲ. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಆವೃತ್ತಿಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೂ ಬೆಂಬಲ ನಿಲ್ಲಿಸಿರುವುದರಿಂದ, ಅವೆಲ್ಲವನ್ನೂ ಅಳಿಸಿದೆ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಹುಡುಕು ಪೆಟ್ಟಿಗೆ. ಅದರೊಳಗಿನ ‘ಸೀರೆ ಹುಡುಕಿ’ ಎಂಬ ಸೂಚನೆಗೆ ಕೊಟ್ಟಿದ್ದ ಕುಸುಮೆ ಬಣ್ಣ ಕ್ರೋಮ್‌ನಲ್ಲಿ ಕಾಣುತ್ತಲೇ ಇರಲಿಲ್ಲ. ವೆಬ್‌ಕಿಟ್ (ಕ್ರೋಮ್, ಸಫಾರಿಗಾಗಿ) ಮತ್ತು ಮಾಝ್ (ಫೈರ್‌ಫಾಕ್ಸ್‌ಗಾಗಿ) ಎಂದು ಹೆಸರಿನ ಮುಂದೆ ಸೇರಿಸುವ ಪೂರ್ವಪ್ರತ್ಯಯಗಳ ಎರಡೂ ಸೆಲೆಕ್ಟರ್‌ಗಳನ್ನು (ಶೈಲಿ ಯಾವ ಭಾಗಕ್ಕೆ ಎಂದು ಹೇಳುವ ಹೆಸರುಗಳು) ಅಲ್ಪವಿರಾಮ ಹಾಕಿ ಒಂದೇ ನಿಯಮದಲ್ಲಿ ಸೇರಿಸಲಾಗಿತ್ತು. ಅವುಗಳಲ್ಲಿ ಒಂದು ಬ್ರೌಸರ್‌ಗೆ ಗೊತ್ತಿಲ್ಲದಿದ್ದರೂ ಅದು ಇಡೀ ನಿಯಮವನ್ನೇ ಕೈಬಿಡುತ್ತದೆ. ಹಾಗಾಗಿ ಇಲ್ಲಿ ವ್ಯಾಲಿಡೇಟರ್‌ನ ದೂರಿನ ಹಿಂದೆ ನಿಜವಾದ ತೊಂದರೆಯೇ ಇತ್ತು. ಎರಡನ್ನೂ ತೆಗೆದು, ಪೂರ್ವಪ್ರತ್ಯಯವಿಲ್ಲದ ‘ಪ್ಲೇಸ್‌ಹೋಲ್ಡರ್’ (ಪೆಟ್ಟಿಗೆಯೊಳಗಿನ ಸೂಚನೆಯ ಸೆಲೆಕ್ಟರ್) ಒಂದನ್ನೇ ಬರೆದೆ, ಬಣ್ಣ ಮರಳಿತು.

ಮ್ಯಾಕ್‌ನಲ್ಲಿ ಅಕ್ಷರ ನಯವಾಗಿಸುವ ವೆಬ್‌ಕಿಟ್ ಸಾಲನ್ನು ಮಾತ್ರ ಬೇಕೆಂದೇ ಉಳಿಸಿಕೊಂಡು, ವ್ಯಾಲಿಡೇಟರ್‌ನ ಆಯ್ಕೆಗಳಲ್ಲಿ ಇಂಥ ಪೂರ್ವಪ್ರತ್ಯಯದ ಸಾಲುಗಳನ್ನು ದೋಷವೆನ್ನದೆ ‘ಎಚ್ಚರಿಕೆ’ ಎಂದು ಪರಿಗಣಿಸುವಂತೆ ಮಾಡಿದ್ದೇನೆ. ಈಗ ದೋಷ ಒಂದೂ ಇಲ್ಲ, ಎಚ್ಚರಿಕೆ ಒಂದಿದೆ. ಸಮಯ ಕೊಟ್ಟು ದಾರಿ ತೋರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.