ಏಳು ಹಲ್ಲಿನ ಭರ್ಜಿ, ಒಂದು ಕಂಬಳಿ

“ಟೆಂಟು ಬಿಚ್ಚೂಕೆ ಎರಡೇ ನಿಮಿಷ ಅಂತ ಡಬ್ಬದ ಮೇಲೇ ಬರ್ದಿತ್ತು ಮಾರಾಯ್ರೆ” ಅಂದ ಶೆಟ್ಟಿ, ಬಜ್ಜಿಯ ತೊಟ್ಟು ಹಿಡಿದುಕೊಂಡೇ.

“ಬರ್ದಿತ್ತು. ಗಾಳಿಗೆ ಓದಕ್ಕೆ ಬರ್ತಿರ್ಲಿಲ್ಲ” ಅಂದ ಗೌಡ.

ಮಿನಿಯಾಪೊಲಿಸ್‌ನಲ್ಲಿ ನಮ್ಮನೆ ನೆಲಮಾಳಿಗೆ, ಶನಿವಾರ ಸಂಜೆ, ಹೊರಗೆ ಮೈನಸ್ 20. ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಮಂಡಕ್ಕಿಯ ಜೊತೆಗೆ ಹಿಂದಿನ ಶನಿವಾರದ ಮೀನುಬೇಟೆಯ ಪೋಸ್ಟ್‌ಮಾರ್ಟಂ ನಡೀತಿತ್ತು. ಹೋದವರು ಐದು ಜನ, ಸಿಕ್ಕ ಮೀನು ಸೊನ್ನೆ.

ಐಡಿಯಾ ಕುಂದಾಪುರದ ಶೆಟ್ಟಿಯದು. ಗಾಳ ಹಾಕಿ ಕೂರೋದು ಅವನ ಪ್ರಕಾರ ರಿಟೈರಾದವರ ಕೆಲಸ. ಮಿನ್ನೆಸೋಟದಲ್ಲಿ ಇನ್ನೊಂದು ಪದ್ಧತಿ ಇದೆ. ಹೆಪ್ಪುಗಟ್ಟಿದ ಕೆರೆಯ ಐಸು ಕೊಯ್ದು ಎರಡಡಿ ಅಗಲ, ಮೂರಡಿ ಉದ್ದದ ಕಿಂಡಿ ಮಾಡೋದು; ಅದರ ಮೇಲೆ ಬೆಳಕು ಒಂದು ಗೆರೆಯೂ ನುಗ್ಗದಂಥ ಟೆಂಟು ಹಾಕಿಕೊಂಡು ಕೂರೋದು; ಕೆಳಗೆ ಮೀನು ಬಂದರೆ ಭರ್ಜಿ ಇಳಿಸೋದು. ನವೆಂಬರ್ ಮಧ್ಯದಿಂದ ಫೆಬ್ರವರಿಯ ಕೊನೇ ಭಾನುವಾರದ ತನಕ, ಲೈಸೆನ್ಸ್ ಇದ್ದರೆ, ನಾರ್ದರ್ನ್ ಪೈಕ್ ಅನ್ನೋ ಮೀನು ಹೊಡೀಬಹುದು. ಅದರ ದಾಯಾದಿ ಮಸ್ಕಿಯನ್ನ ಮುಟ್ಟಂಗಿಲ್ಲ.

ಈ ಕಾನೂನೆಲ್ಲ ನಮಗೆ ಬಾಯಿಪಾಠ ಮಾಡಿಸಿದವನು ಭಟ್ಟ. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟಿದವನಲ್ಲ. ಪುಳಿಯೋಗರೆ ಡಬ್ಬ ಹೊರೋಕೆ ಅಂತ ಬಂದವನು ದಾರಿಯುದ್ದಕ್ಕೂ ಮೇಷ್ಟ್ರಾಗಿಬಿಟ್ಟ. “ಕಡು ಮೈಮೇಲೆ ತಿಳಿ ಚುಕ್ಕೆ ಇದ್ರೆ ಪೈಕ್. ತಿಳಿ ಮೈಮೇಲೆ ಕಡು ಗುರುತಿದ್ರೆ ಮಸ್ಕಿ. ಎಲ್ಲಿ, ಪಾಟೀಲ್ರೇ, ನೀವು ಹೇಳಿ.”

“ನನಗ ಐಸ್ ತಡೀತೈತೋ ಇಲ್ಲೋ ಅದನ್ನಷ್ಟ ಹೇಳ್ರಿಪಾ” ಅಂದಿದ್ದ ಧಾರವಾಡದ ಪಾಟೀಲ.

ಗಟ್ಟಿ ಐಸು 4 ಇಂಚು ಇದ್ದರೆ ಮನುಷ್ಯ ನಡೀಬಹುದು ಅನ್ನೋದು ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೆಕ್ಕ. ಬೈರಿಗೆ ಇಳಿಸಿ ಅಳೆದರೆ 14 ಇಂಚು ಇತ್ತು. ಆದರೂ ಪಾಟೀಲ ಆಗತಾನೆ ಸೆಗಣಿ ಸಾರಿಸಿದ ಜಗುಲಿ ಮೇಲೆ ನಡೆದ ಹಾಗೆ ಬೆರಳ ತುದಿಯಲ್ಲೇ ಬಂದ. ಅಷ್ಟರಲ್ಲಿ ಕೆರೆ ಒಂದು ದಡದಿಂದ ಇನ್ನೊಂದು ದಡದವರೆಗೆ ‘ಢುಂ’ ಅಂತ ಗುಡುಗಿತು. ಥಂಡಿಗೆ ಐಸು ಹಿಗ್ಗಿ ಕುಗ್ಗಿ ಸೀಳು ಬಿಡುವ ಸದ್ದು, ಹೆದರೋದೇನಿಲ್ಲ. ಭಟ್ಟ ಮಾತ್ರ “ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ” ಶುರು ಹಚ್ಚಿಕೊಂಡ. ಪಾಟೀಲ ತನಗೆ ಗೊತ್ತಿದ್ದ ನಾಲ್ಕು ಹೆಸರು ಸೇರಿಸಿದ.

“ಕೊಯ್ಯೋ ಕೆಲ್ಸ ನಾನೇ ಮಾಡಿದ್ದು, ಅದನ್ನ ಯಾರೂ ಹೇಳಲ್ಲ” ಅಂತ ಗೌಡನ ತಕರಾರು. ನಿಜ. ನಾಲ್ಕು ಮೂಲೆಗೆ ಬೈರಿಗೆ ಹೊಡೆದು, ನಡುವೆ ಗರಗಸ ಎಳೆದವನು ಅವನೇ. ಆದರೆ ಕೊಯ್ದ ಗಡ್ಡೆ ಎತ್ತೋದು ಹ್ಯಾಗೆ ಅಂತ ಯಾರೂ ಯೋಚಿಸಿರಲಿಲ್ಲ. ಭಟ್ಟ ನಿಂತಲ್ಲೇ ಲೆಕ್ಕ ಹಾಕಿ ಹತ್ತಿರ ಹತ್ತಿರ 180 ಕಿಲೋ ಅಂದ. ಇಕ್ಕಳ ತಂದಿರಲಿಲ್ಲ, ಹಗ್ಗ ನಿಲ್ಲಲಿಲ್ಲ. ಪಕ್ಕದ ಟೆಂಟಿನಿಂದ ಒಬ್ಬ ಅಜ್ಜ ಎದ್ದು ಬಂದ. ಒಂದು ಮಾತೂ ಆಡದೆ ಗಡ್ಡೆಯ ಒಂದು ಅಂಚನ್ನ ಹಾರೆಯಿಂದ ಒತ್ತಿ, ಓರೆ ಮಾಡಿ, ಐಸಿನ ಅಡಿಗೇ ತಳ್ಳಿಬಿಟ್ಟ. ಗಡ್ಡೆ ಚಾಪೆ ಕೆಳಗೆ ಕಸ ನುಗ್ಗಿಸಿದ ಹಾಗೆ ಮಾಯ! ತೇಲುತ್ತಿದ್ದ ಐಸಿನ ಚೂರು ಬಳಿಯೋಕೆ ನಾನು ಮನೆಯಿಂದ ಬಜ್ಜಿ ಎತ್ತುವ ಜಾಲರಿ ಸೌಟು ಕದ್ದು ತಂದಿದ್ದೆ. ಇವತ್ತಿನ ಬಜ್ಜಿ ಹೊಸ ಸೌಟಿನದು. ಹಳೇದು ಕೆರೆಯ ತಳದಲ್ಲಿದೆ.

ಇನ್ನು ಟೆಂಟು. ಇದೇ ನೆಲಮಾಳಿಗೆಯಲ್ಲಿ ಪ್ರಾಕ್ಟೀಸ್ ಮಾಡಿದಾಗ ಛತ್ರಿ ಹಾಗೆ ‘ಫಟ್’ ಅಂತ ಬಿಚ್ಚಿಕೊಂಡಿತ್ತು. ಪ್ರತಿ ಗೋಡೆಯ ನಡುವೆ ಒಂದು ಗುಬಟು, ಅದನ್ನ ಹೊರಗೆ ಎಳೆದರೆ ಕಡ್ಡಿಗಳು ಬಿಲ್ಲಿನ ಹಾಗೆ ಬಿಗಿದು ಗೋಡೆ ನಿಲ್ಲುತ್ತೆ. ಕೆರೆ ಮೇಲೆ ಶೆಟ್ಟಿ ನಾಲ್ಕೂ ಗೋಡೆ, ಸೂರು ಎಲ್ಲ ಎಳೆದು, ಆಮೇಲೆ ಮೊಳೆಗೆ ಕೈ ಹಾಕಿದ. ಅಷ್ಟರಲ್ಲಿ ಟೆಂಟು ಹೊರಟಿತ್ತು. ಹಿಂದೆ ಶೆಟ್ಟಿ, ಶೆಟ್ಟಿ ಹಿಂದೆ ಗೌಡ.

“ನಾ ಹಗ್ಗ ಬಿಡ್ಲಿಲ್ಲ ಹ್ವಾಯ್.”

“ನೀ ಬಿಡಲಿಲ್ಲ, ಹಗ್ಗ ನಿನ್ನ ಎಳಕೊಂಡ ಹೋತು” ಅಂದ ಪಾಟೀಲ.

ಮತ್ತೆ ಅದೇ ಅಜ್ಜ. ಗಾಳಿ ಬರುವ ಕಡೆಯ ಮೂಲೆಗೆ ಮೊದಲು ಐಸಿನ ತಿರುಪು ಮೊಳೆ ತಿರುಗಿಸು, ಒಂದು ಗೋಡೆ ಎಬ್ಬಿಸು, ಮಿಕ್ಕ ಮೂಲೆ ಕಟ್ಟು, ಸೂರು ಕೊನೆಗೆ. ಆಮೇಲೆ ಸುತ್ತ ಬಿದ್ದ ಬಟ್ಟೆಯ ಅಂಚಿನ ಮೇಲೆ ಸಲಿಕೆಯಿಂದ ಹಿಮ ಒಟ್ಟು. ಹಿಮದ ಭಾರಕ್ಕೆ ಟೆಂಟೂ ಕೂರುತ್ತೆ, ಅಡಿಯಿಂದ ಬೆಳಕೂ ನುಗ್ಗಲ್ಲ. ಜಿಪ್ಪಿನ ಪಕ್ಕ ಬರುತ್ತಿದ್ದ ಒಂದು ಬೆಳಕಿನ ಗೆರೆಗೆ ಪಾಟೀಲ ತನ್ನ ಕರೀ ಕಂಬಳಿ ತೂಗುಹಾಕಿದ. ಏರ್‌ಪೋರ್ಟಲ್ಲಿ ಮೂರು ಸಲ ಬಿಚ್ಚಿಸಿ ನೋಡಿದ ಕಂಬಳಿ ಅದು. ಇಲ್ಲಿನ ಮೂಲನಿವಾಸಿ ಒಜಿಬ್ವೆ ಜನ ಟೆಂಟೆಲ್ಲ ಬರುವ ಎಷ್ಟೋ ಮೊದಲೇ ಕಡ್ಡಿ ನೆಟ್ಟು, ಕಂಬಳಿ ಹೊದ್ದು, ಐಸಿನ ಮೇಲೆ ಬೋರಲು ಮಲಗಿ ಹೀಗೇ ಮೀನು ಹೊಡೀತಿದ್ದರು ಅಂತ ಹೇಳಿದ್ದೇ ತಡ, ಪಾಟೀಲ ಎದೆ ಸೆಟೆಸಿದ. “ನೋಡ್ರಿ, ಕಂಬಳಿ ಮಹಿಮಾ!”

ಒಳಗೆ ಕತ್ತಲಾದ ಮೇಲೆ ಕಂಡದ್ದನ್ನ ಮಾತ್ರ ಯಾರೂ ತಮಾಷೆ ಮಾಡಲಿಲ್ಲ. ಹೊರಗಿನ ಬಿಸಿಲು ಐಸಿನ ಮೂಲಕ ನೀರಿಗೆ ಇಳಿಯುತ್ತೆ, ನಾವು ಕತ್ತಲಲ್ಲಿರ್ತೀವಿ. ಹಾಗಾಗಿ ಕಿಂಡಿಯೊಳಗಿನ ನೀರು ತಾನೇ ಹಚ್ಚಿಟ್ಟ ದೀಪದ ಹಾಗೆ ಹಸಿರಾಗಿ ಹೊಳೀತಿತ್ತು. ಎಂಟಡಿ ಕೆಳಗಿನ ಜೊಂಡಿನ ಒಂದೊಂದು ಎಳೆಯೂ ಕಾಣ್ತಿತ್ತು. ತಳ ಬೆಳ್ಳಗೆ ಕಾಣಲಿ, ಮೇಲೆ ಹಾಯುವ ಮೀನು ಎದ್ದು ಕಾಣಲಿ ಅಂತ ಇಲ್ಲಿಯವರು ಮೊಟ್ಟೆ ಚಿಪ್ಪು ಸುರೀತಾರೆ. ನಮ್ಮ ಚಿಪ್ಪಿನ ಚೀಲ ಕಾರಲ್ಲೇ ಉಳಿದಿತ್ತು. ಭಟ್ಟ ಜೇಬಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಹುಳಿಗೆ ಹೆಚ್ಚಿದ ಹಾಗೆ ಬಿಲ್ಲೆ ಬಿಲ್ಲೆ ಹೆಚ್ಚಿದ ಮೂಲಂಗಿ!

ಹೊಟ್ಟೆಯಲ್ಲಿ ಸೀಸ ತುಂಬಿದ ಮರದ ಮೀನನ್ನ ದಾರಕ್ಕೆ ಕಟ್ಟಿ ಶೆಟ್ಟಿ ಆಡಿಸಿದ. ದಾರ ಎಳೆದು ಬಿಟ್ಟರೆ ಅದು ಗುಂಡಗೆ ಸುತ್ತು ಹೊಡೆಯುತ್ತೆ. ಅದನ್ನ ತಿನ್ನೋಕೆ ಪೈಕ್ ಬರಬೇಕು. ಬಂದಾಗ ಏಳು ಹಲ್ಲಿನ ಭರ್ಜಿಯನ್ನ ಎಸೀಬಾರದು. ಹಲ್ಲಿನ ತುದಿ ಸದ್ದಿಲ್ಲದೆ ನೀರಿಗಿಳಿಸಿ, ತಲೆಯ ಹಿಂದಕ್ಕೆ ಗುರಿ ಹಿಡಿದು, ನೆಟ್ಟಗೆ ಬಿಡಬೇಕು.

“ಮತ್ಸ್ಯಯಂತ್ರ ಇದಕ್ಕಿಂತ ಸುಲಭ” ಅಂದ ಭಟ್ಟ. “ಅರ್ಜುನಂಗೆ ಕಾಲು ಸೆಟೆದಿರ್ಲಿಲ್ಲ.”

“ನಮ್ಮ ಕಡೆ ಮೊದಲ್ನೇ ಮಳೆಗೆ ಹತ್ಮೀನು ಬರುತ್ತೆ ಮಾರಾಯ” ಅಂತ ತೀರ್ಥಹಳ್ಳಿ ಗೌಡ ಆಗಲೂ ಅಂದಿದ್ದ, ಇವತ್ತೂ ಅಂದ. “ಹೊಳೆಯಿಂದ ಗದ್ದೆಗೆ ಹತ್ತಿ ಬರ್ತಾವೆ. ಟಾರ್ಚು ಹಿಡ್ದು, ಕತ್ತಿ ತಗೊಂಡು ಕಡಿಯೋದೇ. ಮೂಲಂಗಿ ಹೆಚ್ಚಿ ಕಾಯೋ ಕರ್ಮ ಇಲ್ಲ.”

“ಮತ್ತ ಎರಡ ತಾಸ ಮೀನ ಯಾಕ ಬರಲಿಲ್ಲ?” ಪಾಟೀಲನ ಪ್ರಶ್ನೆ.

“ನೀ ಕಾಲಿಟ್ಯಲ್ಲ, ಅದ್ಕೆ” ಎಂದು ಮೂವರೂ ಒಟ್ಟಿಗೆ ಅಂದೆವು.

ಚಾ ಬಗ್ಗಿಸಿಕೊಳ್ಳೋಕೆ ಎದ್ದವನು ಕತ್ತಲಲ್ಲಿ ಒಂದು ಕಾಲನ್ನ ಮೊಣಕಾಲವರೆಗೆ ಕಿಂಡಿಗೇ ಇಟ್ಟಿದ್ದ. ಎಳೆದು, ಬೂಟು ಬಿಚ್ಚಿ, ನಾನು, ಗೌಡ, ಶೆಟ್ಟಿ ಸೇರಿ ಹೊತ್ತುಕೊಂಡು ಹೋಗಿ ಕಾರಿನ ಹೀಟರಿನ ಮುಂದೆ ಅವನ ಪಾದ ಇಟ್ಟೆವು. ಅರ್ಧ ಗಂಟೆ ಅದರ ಸೇವೆಯಾಯಿತು. ಭಟ್ಟ ಕಿಂಡಿ ಕಾಯ್ತೀನಿ ಅಂತ ಒಳಗೇ ಉಳಿದ.

ಶೆಟ್ಟಿ ಈಗ ವಿಸ್ಕಾನ್ಸಿನ್‌ನ ವಿನ್ನೆಬೇಗೊ ಸರೋವರದ ಮಾತೆತ್ತಿದ. ಅಲ್ಲಿ ಸ್ಟರ್ಜನ್ ಅನ್ನೋ ಭಾರೀ ಮೀನಿನ ಬೇಟೆ, ಫೆಬ್ರವರಿಯ ಎರಡನೇ ಶನಿವಾರ ಶುರು, ಹೆಚ್ಚೆಂದರೆ 16 ದಿನ. 2010ರಲ್ಲಿ ಒಂದು ಮೀನು 212 ಪೌಂಡ್ ತೂಗಿತ್ತು, ಅಂದರೆ 96 ಕಿಲೋ. “ಲೈಸೆನ್ಸ್ ಅಕ್ಟೋಬರ್ ಒಳಗೇ ತಕಣ್ಕ್. ಬಪ್ಪೊರ್ಷ ಹೋಪ.”

“ಒಂದ ಪೈಕ್ ನೋಡಲಿಲ್ಲ, 96 ಕಿಲೋಗೆ ಹೊಂಟಾನ.”

“ನೋಡಲಿಲ್ಲ ಅಂತ ಯಾರಂದ್ರು?” ಅಂದ ಭಟ್ಟ, ಮಂಡಕ್ಕಿಯಲ್ಲಿ ಕಡ್ಲೇಬೀಜ ಹುಡುಕುತ್ತಾ.

ನೆಲಮಾಳಿಗೆ ಗಪ್‌ಚುಪ್.

“ನೀವು ಪಾಟೀಲ್ರ ಕಾಲು ಕಾಯಿಸ್ತಿದ್ರಲ್ಲ, ಆಗ ಬಂತು. ಬಂದಿದ್ದು ಗೊತ್ತಾಗ್ಲೇ ಇಲ್ಲ ಕಣ್ರೋ, ಇರ್ಲಿಲ್ಲ, ಆಮೇಲೆ ಇತ್ತು. ಇಷ್ಟುದ್ದ. ಆ ಮರದ ಮೀನಿನ ಪಕ್ಕ ಬಂದು ನಿಂತ್ಕೊಂಡು, ರೆಕ್ಕೆ ಮಾತ್ರ ಹೀಗೆ ಹೀಗೆ ಅಲ್ಲಾಡಿಸ್ತಾ, ನನ್ನೇ ನೋಡ್ತು. ಒಂದು ಮೂಲಂಗಿ ಬಿಲ್ಲೆ ಮೂಸ್ತು.”

“ಮಸ್ಕಿ ಇರ್ಬೇಕು” ಅಂದ ಶೆಟ್ಟಿ. ಬೇರೆ ಆಸೆ ಉಳಿದಿರಲಿಲ್ಲ ಪಾಪ.

“ಕಡು ಹಸಿರು ಮೈ, ತಿಳಿ ಚುಕ್ಕೆ. ಪೈಕೇ.”

“ಭರ್ಜಿ ನಿಮ್ಮ ಕೈಗೇ ಕೊಟ್ಟು ಹೋಯ್ದೆ ಅಲ್ದಾ ಭಟ್ರೆ!”

“ತೊಡೆ ಮೇಲಿತ್ತು.”

ಶೆಟ್ಟಿ ಎದ್ದು ಗೋಡೆಯವರೆಗೆ ಹೋಗಿ ವಾಪಸ್ ಬಂದು ಕೂತ. “ಬಪ್ಪ ಶನಿವಾರ ನೀವು ಕಾರಲ್ಲೇ ಕೂಕಣಿ. ಟೆಂಟಿಗೆ ನಿಮ್ಗೆ ಪ್ರವೇಶ ಇಲ್ಲ.”

“ಪರ್ವಾಗಿಲ್ಲ” ಅಂದ ಭಟ್ಟ. “ನಾನೇ ಒಂದು ಟೆಂಟ್ ಆರ್ಡರ್ ಮಾಡಿದೀನಿ. ಗುರುವಾರ ಬರುತ್ತೆ. ಪಾಟೀಲ್ರೇ, ಆ ಕಂಬಳಿ ಒಂದಿನದ ಮಟ್ಟಿಗೆ ಕೊಡ್ತೀರಾ?”