ಹೊಸ ರೈಫಲಿನ ಬೋಲ್ಟು: ನುಣುಪು ಮಾಡುವುದೋ, ಪಳಗಿಸುವುದೋ?

ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿರುವ ತೀರ್ಥಹಳ್ಳಿ ಸೀಮೆಯ ಬೆಳೆಗಾರರಿಗಾಗಿ, ಆಯುಧದ ಆರೈಕೆಯನ್ನು ಕುರಿತ ಕಿರುಹೊತ್ತಗೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಬೋಲ್ಟ್ ಆಕ್ಷನ್ ರೈಫಲಿನ ಭಾಗಕ್ಕೆ ಬಂದಾಗ ಪದಗಳ ತೊಡಕು ಎದುರಾಗಿದೆ. ಹೊಸ ರೈಫಲಿನ ಬೋಲ್ಟು, ಅಂದರೆ ತೋಟಾವನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ದಂಡ, ಮೊದಮೊದಲು ಸಲೀಸಾಗಿ ಓಡುವುದಿಲ್ಲ. ಅದನ್ನು ಸಲೀಸು ಮಾಡಿಕೊಳ್ಳುವ ಕೆಲಸಕ್ಕೆ ಏನೆನ್ನಬೇಕು ಎಂಬುದು ನನ್ನ ಪ್ರಶ್ನೆ.

ಕೋವಿಯ ವಿಷಯದಲ್ಲಿ ಮಲೆನಾಡಿನ ಮಾತು ಬಡವಾಗಿಲ್ಲ. ಕೇಪಿನ ಕೋವಿ, ತೋಟಾ ಕೋವಿ, ಒಂಟಿನಳಿಗೆ, ಜೋಡಿನಳಿಗೆ, ಕುದುರೆ, ಚರೆ, ಈಡು ಎಂಬ ಪದಗಳನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಇವು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯೊಂದಿಗೂ ನಳಿಗೆಯನ್ನು ಮಡಚಿ ತೋಟಾ ಹಾಕುವ ಕೋವಿಯೊಂದಿಗೂ ಬೆಳೆದು ಬಂದವು. ಆ ಎರಡರಲ್ಲೂ ಬೋಲ್ಟು ಎಂಬ ಭಾಗವೇ ಇಲ್ಲ. ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ, ಮತ್ತೆ ಕೆಳಗೆ ಮಡಚುವ ಈ ಚಲನೆ ಬಾಗಿಲಿನ ಚಿಲಕದ ಚಲನೆಯೇ ಆದ್ದರಿಂದ, ಅಗುಳಿ ಎನ್ನುವುದಕ್ಕಿಂತ ಚಿಲಕ ಎನ್ನುವುದು ಅರ್ಥಕ್ಕೆ ಹತ್ತಿರವಾಗುತ್ತದೆ. ಆದರೂ ಬಳಸುವವರೆಲ್ಲ ಬೋಲ್ಟು ಎಂದೇ ಹೇಳುತ್ತಿರುವಾಗ ಅದನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆಕ್ಷನ್ ಎಂಬುದನ್ನು ‘ಕ್ರಿಯೆ’ ಎಂದು ಬರೆಯುವುದಂತೂ ತಪ್ಪು, ಏಕೆಂದರೆ ಅಲ್ಲಿ ಆ ಪದವು ತೋಟಾವನ್ನು ಒಳಗೆ ಕೂರಿಸಿ, ಭದ್ರಪಡಿಸಿ, ಹೊರಹಾಕುವ ಭಾಗಗಳ ಜೋಡಣೆಯನ್ನೇ ಹೇಳುತ್ತದೆ.

ನಿಜವಾದ ತೊಡಕು ‘ನುಣುಪು ಮಾಡುವುದು’ ಎಂಬ ಮಾತಿನಲ್ಲಿದೆ. ಹಾಗೆ ಬರೆದರೆ ಓದಿದವರು ಮರಳು ಕಾಗದ ಹಿಡಿದು ಬೋಲ್ಟನ್ನು ತಿಕ್ಕಲು ತೊಡಗುವ ಅಪಾಯವಿದೆ. ಬೋಲ್ಟಿನ ಮೈಯಿಂದ ಹೊರಚಾಚಿಕೊಂಡು, ಈಡು ಹಾರುವಾಗಿನ ಒತ್ತಡವನ್ನು ತಡೆದುಕೊಳ್ಳುವ ಲಗ್ಗುಗಳನ್ನು ತಿಕ್ಕಿದರೆ, ಬೋಲ್ಟಿನ ಮುಖಕ್ಕೂ ತೋಟಾದ ಹಿಂಬದಿಗೂ ನಡುವೆ ಇರಬೇಕಾದ ಅಂತರ ಹೆಚ್ಚುತ್ತದೆ. ತೋಟಾದ ಕೊಳವೆ ಒಡೆದು ಬಿಸಿ ಅನಿಲ ಹೊಡೆಯುವವನ ಮುಖದತ್ತ ನುಗ್ಗಬಹುದು. ಗಡಸುಗೊಳಿಸಿದ ಉಕ್ಕಿನ ಹೊರಪದರ ಎಷ್ಟೋ ರೈಫಲುಗಳಲ್ಲಿ ಬಹಳ ತೆಳು. ಅದು ಸವೆದುಹೋದರೆ ಮತ್ತೆ ಬರುವುದಿಲ್ಲ. ಇದಲ್ಲದೆ, ಆಯುಧ ರಿಪೇರಿಯ ಉದ್ಯೋಗಕ್ಕೆ 1959ರ ಆಯುಧ ಕಾಯ್ದೆಯಂತೆ ಪರವಾನಗಿ ಬೇಕು. ಆದ್ದರಿಂದ ಮಾಲೀಕ ತಾನೇ ಮಾಡಬಹುದಾದ ಕೆಲಸಕ್ಕೂ ಪರವಾನಗಿಯುಳ್ಳ ಕುಶಲಿಯೇ ಮಾಡಬೇಕಾದ ಕೆಲಸಕ್ಕೂ ಬೇರೆ ಬೇರೆ ಪದಗಳಿರಬೇಕು ಎಂದು ನನ್ನ ಖಚಿತ ಅಭಿಪ್ರಾಯ. ಮೊದಲನೆಯದು ರೈಫಲು ಖಾಲಿಯಿದೆಯೆಂದು ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಂಡು, ಕಾರ್ಖಾನೆಯ ಜಿಡ್ಡನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ, ಬೋಲ್ಟನ್ನು ಮತ್ತೆ ಮತ್ತೆ ಆಡಿಸುತ್ತ ಉಜ್ಜುವ ಮೈಗಳು ತಾವಾಗಿ ಹೊಂದಿಕೊಳ್ಳಲು ಬಿಡುವುದು. ಇದಕ್ಕೆ ‘ಪಳಗಿಸುವುದು’ ಎಂಬ ಪದವನ್ನು ಸೂಚಿಸುತ್ತೇನೆ. ಎರಡನೆಯದು ನುಣ್ಣನೆಯ ಅರೆಪುಡಿ ಹಚ್ಚಿ, ಬೋಲ್ಟು ಓಡುವ ಹಾದಿಯಲ್ಲಿ ಯಂತ್ರದ ಉಳಿ ಬಿಟ್ಟ ಗೀರುಗಳನ್ನು ತೆಗೆಯುವುದು. ಇದಕ್ಕೆ ‘ಮಸೆಯುವುದು’ ಸರಿಯೆನಿಸುತ್ತದೆ.

ದೋಷಗಳ ಹೆಸರಿನಲ್ಲಿಯೂ ಇದೇ ಎಚ್ಚರ ಬೇಕು. ಕೈಗೆ ಗರಗರ ಎಂದು ತಾಗುವುದು ಒರಟು. ಅದು ಪಳಗಿಸಿದರೆ ಕಡಿಮೆಯಾಗುತ್ತದೆ. ಬೋಲ್ಟನ್ನು ಓರೆಯಾಗಿ ತಳ್ಳಿದಾಗ ನಡುದಾರಿಯಲ್ಲಿ ನಿಂತುಬಿಡುವುದು ಕಚ್ಚುವುದು. ಅದಕ್ಕೆ ನೇರವಾಗಿ ತಳ್ಳುವ ಅಭ್ಯಾಸವೇ ಮುಖ್ಯ ಪರಿಹಾರ. ಬಿಗಿ ಎಂಬುದು ಇವೆರಡಕ್ಕಿಂತ ಬೇರೆ. 1898ರ ಮೌಸರ್ ಮಾದರಿಯಲ್ಲಿ ಹಿಡಿ ಎತ್ತುವಾಗಲೇ, ತೋಟಾದ ಹಿಂಬದಿಗೆ ಬಡಿಯುವ ಹೊಡೆಮೊಳೆಯ ಸ್ಪ್ರಿಂಗು ಒತ್ತಿಕೊಳ್ಳುವುದರಿಂದ ಎತ್ತುವ ಕೈಗೆ ಬಿಗಿ ತಿಳಿಯುತ್ತದೆ. ಲೀ-ಎನ್‌ಫೀಲ್ಡ್ ಮಾದರಿಯಲ್ಲಿ, ಅದೇ ವಂಶಕ್ಕೆ ಸೇರಿದ ನಮ್ಮ ಇಷಾಪುರ ಕಾರ್ಖಾನೆಯ ಪಾಯಿಂಟ್ 315 ರೈಫಲಿನಲ್ಲಿಯೂ, ಮುಂದೆ ತಳ್ಳುವಾಗ ಸ್ಪ್ರಿಂಗು ಒತ್ತಿಕೊಳ್ಳುವ ಕಾರಣ ಆ ಬಿಗಿ ಓಟದ ಕೊನೆಗೆ ಬರುತ್ತದೆ. ಇದು ದೋಷವಲ್ಲ, ಎಷ್ಟು ಮಸೆದರೂ ಹೋಗುವುದಿಲ್ಲ. ‘ಬೋಲ್ಟು ಬಿಗಿ’ ಎಂದು ಮೂರನ್ನೂ ಒಂದೇ ಮಾತಿನಲ್ಲಿ ಹೇಳುವ ರೂಢಿಯಿಂದಲೇ ಕೆಡಬಾರದ ರೈಫಲುಗಳು ಕೆಡುತ್ತವೆ.

ಸಾಗರ, ಹೊಸನಗರ, ಕೊಪ್ಪ, ಶೃಂಗೇರಿಯ ಕಡೆಯವರೂ ಕೋವಿಯ ಬಳಕೆ ಹೆಚ್ಚಿರುವ ಕೊಡಗಿನವರೂ ದಯವಿಟ್ಟು ತಿಳಿಸಬೇಕಾದದ್ದು ಎರಡು. ‘ಪಳಗಿಸು’ ಎಂಬುದನ್ನು ಎತ್ತು, ಆನೆ, ಕೈ ಇವುಗಳಿಗೆ ಹೇಳುವಂತೆ ಯಂತ್ರಕ್ಕೂ ಹೇಳುವ ರೂಢಿ ನಿಮ್ಮಲ್ಲಿದೆಯೇ, ಅಥವಾ ‘ಹದಕ್ಕೆ ತರುವುದು’ ಎನ್ನುತ್ತೀರೋ? ಬೋಲ್ಟು ಓಡುವ ಹಾದಿಗೆ ನಾನು ಸದ್ಯಕ್ಕೆ ‘ಓಟದ ಗಾಡಿ’ ಎಂದು ಬರೆದಿದ್ದೇನೆ. ಬಡಗಿಗಳು ಮರದಲ್ಲಿ ಕೊರೆಯುವ ಗಾಡಿಯಿಂದ (ಉದ್ದನೆಯ ತೋಡಿನಿಂದ) ಬಂದ ಈ ಪ್ರಯೋಗ ಓದುಗರಿಗೆ ಬಂಡಿಯ ನೆನಪು ತರುವುದಾದರೆ, ಅದರ ಬದಲು ಯಾವ ಪದವನ್ನು ಇಡಬಹುದು?