ಅಪ್‌ಡೇಟ್: 16 ಗಂಟೆ ಉಪವಾಸ, 11ಕ್ಕೆ ಕೈ ನಡುಕ – ಕಾರಣ ಸಿಕ್ಕಿತು

ತೂಕ ಇಳಿಸಲು ರಾತ್ರಿ 8ರಿಂದ ಮರುದಿನ ಮಧ್ಯಾಹ್ನ 12ರವರೆಗೆ ಏನೂ ತಿನ್ನುತ್ತಿಲ್ಲ, 11 ಗಂಟೆಗೆಲ್ಲ ಕೈ ನಡುಗಿ ತಲೆ ಸುತ್ತುತ್ತದೆ, ಏನು ಮಾಡಲಿ ಅಂತ ಹತ್ತು ದಿನದ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಹಾಲಿಲ್ಲದ ಕಾಫಿ ಕುಡಿದು ನೋಡಿದೆ, ಎದೆಯುರಿ ಬಂತು ಅಷ್ಟೇ. ಉಪ್ಪು ಹಾಕಿದ ನಿಂಬೆನೀರಿಗೆ ತಲೆನೋವು ಸ್ವಲ್ಪ ಇಳಿಯಿತು, ನಡುಕ ಹೋಗಲಿಲ್ಲ. ಕೆಲಸಕ್ಕೆ ಬಂದಿದ್ದು 'ಶುಗರ್ ಮಾತ್ರೆ ತಗೊಳ್ತೀರಾ?' ಅಂತ ಒಬ್ಬರು ಕೇಳಿದ ಒಂದೇ ಸಾಲು. ತಗೊಳ್ತೀನಿ, ಅದನ್ನು ನಾನು ಬರೆದೇ ಇರಲಿಲ್ಲ! ಬೆಳಿಗ್ಗೆ ಗ್ಲಿಮೆಪಿರೈಡ್ ನುಂಗಿ ಖಾಲಿ ಹೊಟ್ಟೆಯಲ್ಲಿ ಕೂರುತ್ತಿದ್ದೆ. ಮರುದಿನ ನಡುಕ ಶುರುವಾದಾಗ ಪಕ್ಕದ ಮನೆಯವರ ಗ್ಲುಕೋಮೀಟರ್‌ನಲ್ಲಿ ನೋಡಿದರೆ ರಕ್ತದ ಸಕ್ಕರೆ 58. 70ಕ್ಕಿಂತ ಕೆಳಗಿಳಿದರೇ ಕಡಿಮೆ ಅಂತ ಲೆಕ್ಕ. ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, ಸಂಜೆಯೇ ಡಾಕ್ಟರ ಹತ್ತಿರ ಹೋದೆ. ನಾವು ತಿಂದರೂ ಬಿಟ್ಟರೂ ಈ ಮಾತ್ರೆ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದಂತೆ. ಡೋಸ್ ಇಳಿಸಿದರು, ತಿಂಡಿ ಜೊತೆಗೇ ತಗೊಳ್ಳಿ ಅಂದರು, ರಾತ್ರಿ 8ರಿಂದ ಬೆಳಿಗ್ಗೆ 8ರ ಉಪವಾಸ ಸಾಕು ಅಂದರು.

ಮೊದಲ ವಾರ ಎರಡೂವರೆ ಕೆಜಿ ಇಳಿದಿತ್ತಲ್ಲ, ಆ ಖುಷಿಗೇ ನಾನು ಪಟ್ಟು ಬಿಡದೆ ಕೂತಿದ್ದು. ಅದರಲ್ಲಿ ಜಾಸ್ತಿ ನೀರೇ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಒಂದು ಗ್ರಾಂ ಖರ್ಚಾದರೆ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ತಿಂಡಿ ಶುರುಮಾಡಿದ ಮೂರೇ ದಿನಕ್ಕೆ ಒಂದೂವರೆ ಕೆಜಿ ವಾಪಸ್. ಅಮ್ಮ ನಲವತ್ತು ವರ್ಷದಿಂದ ಏಕಾದಶಿ ಮಾಡುತ್ತಾಳೆ, ನನಗೇನಾಗುತ್ತೆ ಅಂದುಕೊಂಡಿದ್ದೆ. ಅವಳು ಶುಗರ್ ಮಾತ್ರೆ ನುಂಗಲ್ಲ, ಅಲ್ವಾ!

ಆರು ದಿನದಿಂದ ನಡುಕ ಇಲ್ಲ. ಉಳಿದ ಒಂದು ಕೆಜಿ ಇನ್ನೂ ವಾಪಸ್ ಬಂದಿಲ್ಲ.